ಯುರೋಪಿಗೆ ಪಾಲಿಮರ್ ಕಳಿಸುವವರಿಗೆ: ಮಾನೋಮರ್ ನೋಂದಣಿಯ ಯಶಸ್ಸಿನ ಸೂತ್ರಗಳು

ರೆಸಿನ್, ಎಮಲ್ಷನ್, ಅಂಟು, ಬಣ್ಣದ ಬೈಂಡರ್, ಇಂಥ ಯಾವುದನ್ನಾದರೂ ಯುರೋಪಿಯನ್ ಒಕ್ಕೂಟಕ್ಕೆ ರಫ್ತು ಮಾಡಲು ಹೊರಟವರಿಗೆ ‘ಪಾಲಿಮರಿಗೆ ರೀಚ್ ನೋಂದಣಿ ಬೇಡ’ ಎಂಬ ಮಾತು ಮೊದಲ ದಿನವೇ ಕಿವಿಗೆ ಬೀಳುತ್ತದೆ. ಮಾತು ನಿಜ, ಆದರೆ ಅರ್ಧ ನಿಜ. 2007ರ ಜೂನ್ 1ರಿಂದ ಜಾರಿಯಲ್ಲಿರುವ, ಒಕ್ಕೂಟದ ರಾಸಾಯನಿಕ ನಿಯಮಾವಳಿಯಾದ ರೀಚ್‌ನ 2ನೇ ಕಲಂ ಪಾಲಿಮರಿಗೆ ವಿನಾಯಿತಿ ಕೊಡುತ್ತದೆ. ಅದರ 6ನೇ ಕಲಂ ಆ ಪಾಲಿಮರಿನೊಳಗೆ ಬೆಸೆದುಹೋದ ಮಾನೋಮರನ್ನು ನೋಂದಾಯಿಸಿ ಎನ್ನುತ್ತದೆ. ಪೀಣ್ಯದಲ್ಲೋ ಬೈಕಂಪಾಡಿಯಲ್ಲೋ ಇರುವ ಸಣ್ಣ ಘಟಕಕ್ಕೂ ಈ ನಿಯಮ ಒಂದೇ, ದೊಡ್ಡ ಕಂಪನಿಗೂ ಒಂದೇ.

ಈ ನೋಂದಣಿ ನಿಂತಿರುವುದು ವಿಶ್ಲೇಷಣೆಯ ದತ್ತಾಂಶದ ಮೇಲೆ. ಹೆಲ್ಸಿಂಕಿಯಲ್ಲಿರುವ ಯುರೋಪಿಯನ್ ರಾಸಾಯನಿಕ ಏಜೆನ್ಸಿಯ ಅಧಿಕಾರಿ ನಿಮ್ಮ ಟ್ಯಾಂಕನ್ನು ನೋಡಿಲ್ಲ, ನೋಡಲು ಬರುವುದೂ ಇಲ್ಲ. ಅವರ ಕಣ್ಣೆದುರು ಇರುವುದು ಒಂದಷ್ಟು ರೋಹಿತಗಳು, ಕ್ರೊಮ್ಯಾಟೋಗ್ರಾಮ್‌ಗಳು, ಒಂದು ಶೇಕಡಾವಾರು ಪಟ್ಟಿ. ಅಷ್ಟರಿಂದಲೇ ಅವರು ನಿಮ್ಮ ವಸ್ತು ಯಾವುದೆಂದು ತೀರ್ಮಾನಿಸಬೇಕು. ಹಾಗಾಗಿ ಈ ಭಾಗಕ್ಕೆ ಕೊಡುವ ಗಮನ ಎಷ್ಟಿದ್ದರೂ ಹೆಚ್ಚಾಗದು.

1. ಮೊದಲು ಲೆಕ್ಕ, ಆಮೇಲೆ ಲ್ಯಾಬ್

ಪಾಲಿಮರಿನ ತೂಕದಲ್ಲಿ ಶೇ 2 ಅಥವಾ ಹೆಚ್ಚು ಪಾಲು ಆ ಮಾನೋಮರಿನಿಂದ ಬಂದಿರಬೇಕು. ಜೊತೆಗೆ ಹಾಗೆ ಬೆಸೆದ ಮಾನೋಮರಿನ ಒಟ್ಟು ಪ್ರಮಾಣ ವರ್ಷಕ್ಕೆ 1 ಟನ್ ಮುಟ್ಟಿರಬೇಕು. ಎರಡೂ ಷರತ್ತು ಒಟ್ಟಿಗೆ ಪೂರೈಸಿದರೆ ಮಾತ್ರ 6ನೇ ಕಲಮಿನ ನೋಂದಣಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ವರ್ಷಕ್ಕೆ 40 ಟನ್ ಅಕ್ರಿಲಿಕ್ ಬೈಂಡರ್ ಹೋಗುತ್ತದೆ. ಒಣ ಪಾಲಿಮರಿನ ಲೆಕ್ಕದಲ್ಲಿ ಮೀಥೈಲ್ ಮೆಥಾಕ್ರಿಲೇಟ್ ಶೇ 60, ಬ್ಯೂಟೈಲ್ ಅಕ್ರಿಲೇಟ್ ಶೇ 38.5, ಅಕ್ರಿಲಿಕ್ ಆಮ್ಲ ಶೇ 1.5. ಮೊದಲನೆಯದು 24 ಟನ್, ಎರಡನೆಯದು 15.4 ಟನ್, ಎರಡಕ್ಕೂ ನೋಂದಣಿ ಬೇಕು. ಅಕ್ರಿಲಿಕ್ ಆಮ್ಲ ಶೇ 2ರ ಗೆರೆ ದಾಟಲಿಲ್ಲ, ಅದಕ್ಕೆ ಬೇಡ.

ಲೆಕ್ಕ ಹಾಕಬೇಕಾದದ್ದು ಬೆಸೆದುಕೊಂಡ ಪ್ರಮಾಣವನ್ನು. ರಿಯಾಕ್ಟರಿಗೆ ಸುರಿದದ್ದೆಲ್ಲ ಬೆಸೆದುಕೊಳ್ಳುವುದಿಲ್ಲ. ಎಮಲ್ಷನ್ ಆದರೆ ನೀರಿನ ತೂಕ ಕಳೆಯಲು ಮರೆಯಬೇಡಿ. ಅರ್ಧ ನೀರಿರುವ ಸರಕನ್ನು ಪೂರ್ತಿ ಪಾಲಿಮರ್ ಎಂದುಕೊಂಡರೆ ಬೇಕಿಲ್ಲದ ದೊಡ್ಡ ಟನ್ ಶ್ರೇಣಿಗೆ ಹೋಗಿ ಕೂರುತ್ತೀರಿ. ಶ್ರೇಣಿಗಳು ನಾಲ್ಕು: 1ರಿಂದ 10, 10ರಿಂದ 100, 100ರಿಂದ 1000, ಅದರಾಚೆ. ಶ್ರೇಣಿ ಏರಿದಷ್ಟೂ ಬೇಕಾಗುವ ಪರೀಕ್ಷೆಗಳೂ ಏರುತ್ತವೆ.

2. ಕೈಯಲ್ಲಿರುವುದು ಮಾನೋಮರೋ ಪಾಲಿಮರೋ, ಖಚಿತ ಮಾಡಿಕೊಳ್ಳಿ

ಪಾಲಿಯುರೆಥೇನ್ ಮಾಡುವವರು ಪಾಲಿಈಥರ್ ಪಾಲಿಯಾಲನ್ನು ಕಚ್ಚಾ ವಸ್ತು ಎನ್ನುತ್ತಾರೆ. ರೀಚ್ ಪ್ರಕಾರ ಅದು ಬಹುಪಾಲು ಸಂದರ್ಭದಲ್ಲಿ ತಾನೇ ಒಂದು ಪಾಲಿಮರ್; ಆಗ ನೋಂದಣಿಯ ಪ್ರಶ್ನೆ ಅದರ ಹಿಂದಿರುವ ಪ್ರೊಪಿಲೀನ್ ಆಕ್ಸೈಡ್, ಗ್ಲಿಸರಾಲ್ ಮುಂತಾದವುಗಳ ಕಡೆ ತಿರುಗುತ್ತದೆ. ಹೀಗೆನ್ನಲು ಎರಡು ಅಳತೆಗಳಿವೆ. ಕನಿಷ್ಠ ಮೂರು ಮಾನೋಮರ್ ಘಟಕಗಳು ಮತ್ತೊಂದು ಘಟಕಕ್ಕೋ ಬೇರೊಂದು ಪ್ರತಿವರ್ತಕಕ್ಕೋ ಬೆಸೆದಿರುವ ಅಣುಗಳು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿರಬೇಕು. ಒಂದೇ ಅಣುತೂಕದ ಅಣುಗಳು ಅರ್ಧ ಮುಟ್ಟಬಾರದು.

ಇದನ್ನು ತೋರಿಸಲು ಜೆಲ್ ಪರ್ಮಿಯೇಷನ್ ಕ್ರೊಮ್ಯಾಟೋಗ್ರಫಿ, ಅಂದರೆ ಜಿಪಿಸಿ ಬೇಕು. ಓಇಸಿಡಿಯ 118ನೇ ಮಾರ್ಗಸೂಚಿ ಸರಾಸರಿ ಅಣುತೂಕಕ್ಕೆ, 119ನೆಯದು ಕಡಿಮೆ ಅಣುತೂಕದ ಭಾಗಕ್ಕೆ. ಸಣ್ಣ ಆಲಿಗೋಮರ್‌ಗಳಲ್ಲಿ ಜಿಪಿಸಿ ಶಿಖರಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಅಲ್ಲಿ ಎಲ್‌ಸಿ-ಎಂಎಸ್ ಸಾಲಾಗಿ ಒಂದೊಂದು ಅಣುವನ್ನೂ ಬಿಡಿಸಿ ತೋರಿಸುತ್ತದೆ. ಈ ನಿರ್ಧಾರ ತಪ್ಪಿದರೆ ಮುಂದಿನ ಕಡತವಿಡೀ ತಪ್ಪು ವಸ್ತುವಿನದಾಗುತ್ತದೆ.

3. ಹಣ ಕಟ್ಟುವ ಮೊದಲು ಗುರುತು ಹಿಡಿಯಿರಿ

ಹನ್ನೆರಡು ಸೂತ್ರಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಒಂದು ವಸ್ತುವಿಗೆ ಎಲ್ಲರೂ ಸೇರಿ ಜಂಟಿ ಸಲ್ಲಿಕೆ ಮಾಡಬೇಕು ಎಂಬುದು ರೀಚ್‌ನ ಪದ್ಧತಿ. ವಿಷತ್ವದ ಅಧ್ಯಯನಗಳು ಮುಂಚೂಣಿ ನೋಂದಣಿದಾರರ ಬಳಿ ಇರುತ್ತವೆ; ಅವನ್ನು ಬಳಸಲು ಲೆಟರ್ ಆಫ್ ಆಕ್ಸೆಸ್ ಎಂಬ ಅನುಮತಿಪತ್ರ ಕೊಳ್ಳಬೇಕು. ದೊಡ್ಡ ಖರ್ಚು ಅದೇ. ಅನೇಕ ಘಟಕಗಳು ಮೊದಲು ಆ ಪತ್ರಕ್ಕೆ ಹಣ ಕಟ್ಟಿ, ಕಡತ ತುಂಬುವ ಹೊತ್ತಿಗೆ ಸ್ಯಾಂಪಲನ್ನು ಲ್ಯಾಬಿಗೆ ಕಳಿಸುತ್ತವೆ. ಕ್ರಮ ತಿರುಗಾಮುರುಗಾ.

ಕಾರಣ ಸರಳ. ಜಂಟಿ ಕಡತ ಯಾವ ಸಂಯೋಜನೆಯ ವಸ್ತುವಿಗೆ ಅನ್ವಯಿಸುತ್ತದೆ ಎಂಬುದಕ್ಕೆ ಒಂದು ಗಡಿ ಗುರುತಿಸಿರುತ್ತಾರೆ: ಮುಖ್ಯ ಘಟಕ ಎಷ್ಟು, ಯಾವ ಕಲ್ಮಶ ಎಷ್ಟರವರೆಗೆ ಎಂದು. ನಿಮ್ಮ ವಸ್ತು ಆ ಗಡಿಯೊಳಗೆ ಬರದಿದ್ದರೆ ಕೊಂಡ ಪತ್ರ ಬೇರೆಯವರ ವಸ್ತುವಿನದು. 11ನೇ ಕಲಂ ಪ್ರಕಾರ ಅಧ್ಯಯನಗಳನ್ನು ಹಂಚಿಕೊಳ್ಳಬಹುದು. ವಸ್ತುವಿನ ಗುರುತಿನ ಮಾಹಿತಿಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮದೇ ಆಗಿ ಸಲ್ಲಿಸಬೇಕು. ರೋಹಿತ, ಕ್ರೊಮ್ಯಾಟೋಗ್ರಾಮ್‌ಗಳ ಖರ್ಚನ್ನು ಅನುಮತಿಪತ್ರದ ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಯಾವುದನ್ನು ಮೊದಲು ಮಾಡಬೇಕು ಎಂಬುದು ಯಾರೂ ಹೇಳದೆಯೇ ಗೊತ್ತಾಗುತ್ತದೆ.

4. ಸ್ಯಾಂಪಲ್ ನಿಮ್ಮ ಟ್ಯಾಂಕಿನದೇ ಇರಲಿ

ರಾಸಾಯನಿಕ ಕ್ಯಾಟಲಾಗಿನಿಂದ ತರಿಸಿದ ಶುದ್ಧ ಮಾನೋಮರಿನ ರೋಹಿತ ನೋಡಲು ಚೆಂದ. ಆದರೆ ಅದು ನೀವು ಬಳಸುವ ವಸ್ತುವಲ್ಲ. ರಿಯಾಕ್ಟರಿಗೆ ಹೋಗುವ ಮಾನೋಮರನ್ನು, ಬ್ಯಾಚ್ ಸಂಖ್ಯೆ ಬರೆದಿಟ್ಟು, ತೆಗೆಯಿರಿ.

ತೆಗೆಯುವಾಗಲೂ ಎಚ್ಚರ ಬೇಕು. ಮೀಥೈಲ್ ಮೆಥಾಕ್ರಿಲೇಟ್, ಅಕ್ರಿಲಿಕ್ ಆಮ್ಲಗಳಲ್ಲಿ ಇನ್‌ಹಿಬಿಟರ್ ಆಗಿ ಎಂಇಎಚ್‌ಕ್ಯು ಇರುತ್ತದೆ. ಅದು ಕೆಲಸ ಮಾಡಲು ಕರಗಿದ ಆಮ್ಲಜನಕ ಬೇಕೇ ಬೇಕು. ಒಳ್ಳೆಯದಾಗಲಿ ಎಂದು ಬಾಟಲಿಗೆ ನೈಟ್ರೋಜನ್ ತುಂಬಿದರೆ ರಕ್ಷಣೆಯನ್ನೇ ತೆಗೆದಂತೆ. ಕಂದು ಗಾಜಿನ ಬಾಟಲಿ, ಮೇಲೆ ಗಾಳಿಗೆ ಜಾಗ, ತಣ್ಣನೆಯ ಜಾಗದಲ್ಲಿ ಶೇಖರಣೆ, ಬೇಗನೆ ವಿಶ್ಲೇಷಣೆ. ಅಕ್ರಿಲಿಕ್ ಆಮ್ಲದಲ್ಲಿ ಇನ್ನೊಂದು ವಿಷಯವಿದೆ: ಇನ್‌ಹಿಬಿಟರ್ ಇದ್ದರೂ ಅದು ನಿಧಾನವಾಗಿ ಡೈಮರ್ ಆಗುತ್ತ ಹೋಗುತ್ತದೆ, ಬಿಸಿಯಲ್ಲಿ ಬೇಗ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತ ಡ್ರಮ್ಮಿನ ಶುದ್ಧತೆ ಹೊಸ ಡ್ರಮ್ಮಿನದಲ್ಲ. ಹಾಗಾಗಿ ಸ್ಯಾಂಪಲ್ ತೆಗೆದ ದಿನ, ಪರೀಕ್ಷಿಸಿದ ದಿನ ಎರಡೂ ವರದಿಯಲ್ಲಿ ಕಾಣಬೇಕು.

5. ಪಾಲಿಮರಿನ ರೋಹಿತವನ್ನು ಮಾನೋಮರಿನ ಜಾಗಕ್ಕೆ ಹಾಕಬೇಡಿ

ರಫ್ತಾಗುವುದು ಪಾಲಿಮರ್, ಹಾಗಾಗಿ ಅದರ ಐಆರ್ ಹಾಕಿದರೆ ಸಾಕು ಎಂಬ ತಪ್ಪು ತಿಳಿವಳಿಕೆ ವ್ಯಾಪಕ. ಸ್ಟೈರೀನನ್ನೇ ನೋಡಿ. ಸಿಎಎಸ್ ಸಂಖ್ಯೆ 100-42-5, ಇಸಿ ಸಂಖ್ಯೆ 202-851-5. ಅದರ ಐಆರ್‌ನಲ್ಲಿ 990 ಮತ್ತು 910 cm⁻¹ ಆಸುಪಾಸಿನಲ್ಲಿ ವಿನೈಲ್ ಗುಂಪಿನ ಎರಡು ಗಟ್ಟಿ ಪಟ್ಟಿಗಳು. ಪ್ರೋಟಾನ್ ಎನ್‌ಎಂಆರ್‌ನಲ್ಲಿ 5.2, 5.7, 6.7 ಪಿಪಿಎಂ ಸುತ್ತ ವಿನೈಲಿನ ಮೂರು ಸಂಕೇತಗಳು. ಪಾಲಿಸ್ಟೈರೀನ್ ಆದ ಮೇಲೆ ಈ ವಿನೈಲ್ ಗುರುತುಗಳು ಅಳಿಸಿಹೋಗಿ, ಎನ್‌ಎಂಆರ್‌ನಲ್ಲಿ 1ರಿಂದ 2 ಪಿಪಿಎಂ ನಡುವೆ ಅಗಲವಾದ ದಿಬ್ಬ ಏಳುತ್ತದೆ. ನೋಂದಣಿ ಯಾವ ವಸ್ತುವಿನದೋ ಆ ವಸ್ತುವಿನ ಲಕ್ಷಣವೇ ಇಲ್ಲದ ರೋಹಿತವನ್ನು ಅಧಿಕಾರಿ ಒಪ್ಪುವುದಾದರೂ ಹೇಗೆ?

ಪಾಲಿಮರ್ ತಯಾರಕರೇ ನೀವಾಗಿದ್ದರೆ ಮಾನೋಮರ್ ನಿಮ್ಮ ಅಂಗಳದಲ್ಲೇ ಇದೆ, ನೆಪ ಹೇಳಲು ಜಾಗವಿಲ್ಲ. ಯುರೋಪಿನ ಆಮದುದಾರರಿಗೆ ಅದು ಕೈಗೆಟುಕದೇ ಇರಬಹುದು. ಯಾವುದಾದರೂ ಮಾಹಿತಿ ತಾಂತ್ರಿಕವಾಗಿ ಸಾಧ್ಯವಿಲ್ಲ ಅಥವಾ ವೈಜ್ಞಾನಿಕವಾಗಿ ಅಗತ್ಯವಿಲ್ಲ ಎಂದಾದರೆ ಕಾರಣವನ್ನು ಸ್ಪಷ್ಟವಾಗಿ ಬರೆಯಲು 6ನೇ ಅನುಬಂಧ ಅವಕಾಶ ಕೊಡುತ್ತದೆ. ಕಾರಣ ಬರೆಯಿರಿ, ಜಾಗವನ್ನು ಖಾಲಿ ಬಿಡಬೇಡಿ.

6. ಒಂದೇ ಉಪಕರಣವನ್ನು ನಂಬಿ ಕೂರಬೇಡಿ

6ನೇ ಅನುಬಂಧ ಯುವಿ, ಐಆರ್, ಎನ್‌ಎಂಆರ್, ಮಾಸ್ ರೋಹಿತಗಳನ್ನೂ ಕ್ರೊಮ್ಯಾಟೋಗ್ರಫಿಯನ್ನೂ (ಜಿಸಿ, ಎಚ್‌ಪಿಎಲ್‌ಸಿಯಂಥವು) ಹೆಸರಿಸುತ್ತದೆ. ಯಾವ ಗುಂಪುಗಳಿವೆ ಎಂಬುದನ್ನು ಐಆರ್ ಹೇಳಿದರೆ, ಅವು ಎಲ್ಲಿ ಕೂತಿವೆ ಎಂಬುದನ್ನು ಎನ್‌ಎಂಆರ್ ಹೇಳುತ್ತದೆ, ಅಣುತೂಕಕ್ಕೆ ಮಾಸ್. ಯುವಿ ಒಂದರಿಂದಲೇ ಗುರುತು ಸಾಬೀತಾಗುವುದು ಅಪರೂಪ.

ಟಾಲ್ವೀನ್ ಡೈಐಸೋಸಯನೇಟ್, ಅಂದರೆ ಫೋಮ್ ಉದ್ಯಮದ ಟಿಡಿಐ, ಇದಕ್ಕೆ ಒಳ್ಳೆಯ ನಿದರ್ಶನ. ಮಾರುಕಟ್ಟೆಯಲ್ಲಿ ಹೆಚ್ಚು ಓಡುವುದು 2,4 ಮತ್ತು 2,6 ಐಸೋಮರ್‌ಗಳ 80:20 ಮಿಶ್ರಣ. ಐಆರ್‌ನಲ್ಲಿ 2270 cm⁻¹ ಸುತ್ತ ಎನ್‌ಸಿಓ ಗುಂಪಿನ ಪಟ್ಟಿ ಎರಡರಲ್ಲೂ ಬರುತ್ತದೆ. ಆ ಪಟ್ಟಿಯನ್ನು ಮಾತ್ರ ತೋರಿಸಿ ಟಿಡಿಐ ಎಂದರೆ ಯಾವ ಐಸೋಮರ್ ಎಷ್ಟು ಎಂಬ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಅನುಪಾತಕ್ಕೆ ಜಿಸಿ ಅಥವಾ ಎನ್‌ಎಂಆರ್ ಬೇಕು. ಅಂದ ಹಾಗೆ ಐಸೋಸಯನೇಟಿನ ಸ್ಯಾಂಪಲನ್ನು ಮೆಥನಾಲಿನಲ್ಲಿ ಕರಗಿಸುವ ಲ್ಯಾಬಿನಿಂದ ಬರುವುದು ಯುರೆಥೇನಿನ ರೋಹಿತ. ತೇವವಿಲ್ಲದ, ಅದರೊಡನೆ ವರ್ತಿಸದ ದ್ರಾವಕ ಬಳಸಲು ಮುಂಚಿತವಾಗಿಯೇ ಬರೆದು ತಿಳಿಸಿ.

ವೇಗವರ್ಧಕಗಳಂಥ ನಿರವಯವ ವಸ್ತುಗಳಿಗೆ ಮೇಲಿನ ರೋಹಿತಗಳು ಹೊಂದುವುದಿಲ್ಲ. ಅಲ್ಲಿ ಎಕ್ಸ್‌ಆರ್‌ಡಿ, ಎಕ್ಸ್‌ಆರ್‌ಎಫ್, ಐಸಿಪಿ.

7. ಕ್ರೊಮ್ಯಾಟೋಗ್ರಾಮಿನ ಶಿಖರಗಳಿಗೆ ಹೆಸರು ಕೊಡಿ

ಒಂದು ದೊಡ್ಡ ಶಿಖರ, ಪಕ್ಕದಲ್ಲಿ ‘ಶೇ 99.7’ ಎಂದು ಬರೆದ ಹಾಳೆ ಶುದ್ಧತೆಗೆ ಪುರಾವೆಯಾಗದು. ಪರಿಶೀಲಿಸುವವರು ಕೆಳಗಿನ ಕೋಷ್ಟಕ ನೋಡುತ್ತಾರೆ. ಸ್ಟೈರೀನಿನ ಜಿಸಿಯಲ್ಲಿ ಈಥೈಲ್‌ಬೆಂಜೀನ್, ಕ್ಸೈಲೀನ್‌ಗಳು, ಕ್ಯುಮೀನ್, ಆಲ್ಫಾ-ಮೀಥೈಲ್‌ಸ್ಟೈರೀನ್, ಫಿನೈಲ್‌ಅಸಿಟಿಲೀನ್ ಬರುವುದು ಸಹಜ. ಪ್ರತಿಯೊಂದಕ್ಕೂ ಹೊರಬಂದ ಸಮಯ, ಹೆಸರು, ಪ್ರಮಾಣ ಬೇಕು. ದ್ರಾವಕದ ಖಾಲಿ ಓಟವನ್ನೂ ಲಗತ್ತಿಸಿ, ಇಲ್ಲದಿದ್ದರೆ ಆರಂಭದ ಶಿಖರ ಏನೆಂದು ಪ್ರಶ್ನೆ ಬರುತ್ತದೆ.

ವಿಸ್ತೀರ್ಣದ ಶೇಕಡಾ ಬೇರೆ, ತೂಕದ ಶೇಕಡಾ ಬೇರೆ. ಸಾಮಾನ್ಯ ಡಿಟೆಕ್ಟರಿಗೆ ನೀರು ಕಾಣುವುದಿಲ್ಲ, ಅದಕ್ಕೆ ಕಾರ್ಲ್ ಫಿಶರ್ ಬೇಕು. ಆವಿಯಾಗದ ವಸ್ತು ಕಾಲಂ ದಾಟಿ ಬರುವುದೇ ಇಲ್ಲ. ಇವೆಲ್ಲವನ್ನೂ ಕೂಡಿಸಿದಾಗ ಸಂಯೋಜನೆ ನೂರಕ್ಕೆ ಮುಟ್ಟಬೇಕು. ಪ್ರತಿ ಘಟಕಕ್ಕೂ ವಾಡಿಕೆಯ ಪ್ರಮಾಣ, ಕನಿಷ್ಠ, ಗರಿಷ್ಠ ಮೂರನ್ನೂ ಕಡತದಲ್ಲಿ ಕೊಡಿ.

ಎಲ್ಲಕ್ಕೂ ಜಿಸಿ ಹೊಂದುವುದೂ ಇಲ್ಲ. ಪಾಲಿಮರ್ ತಯಾರಿಕೆಗೆಂದೇ ಇನಿಷಿಯೇಟರ್ ರಫ್ತು ಮಾಡುವವರು ಇದನ್ನು ನೆನಪಿಡಬೇಕು. ಎಐಬಿಎನ್ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ 10 ಗಂಟೆಯಲ್ಲಿ ಅರ್ಧ ಒಡೆದುಹೋಗುವ ವಸ್ತು. ಇನ್ನೂರು ಡಿಗ್ರಿಗೂ ಮೇಲಿರುವ ಜಿಸಿ ಇಂಜೆಕ್ಟರಿಗೆ ಅದನ್ನು ಚುಚ್ಚಿದರೆ ಹೊರಬರುವುದು ಅದರ ಚೂರುಗಳು. ಅಲ್ಲಿ ಎಚ್‌ಪಿಎಲ್‌ಸಿ ಬಳಸಿ. ಬೆಂಜಾಯ್ಲ್ ಪೆರಾಕ್ಸೈಡಿಗೂ ಎಚ್‌ಪಿಎಲ್‌ಸಿ, ಇಲ್ಲವೇ ಅಯೊಡಿನ್ ಟೈಟ್ರೇಷನ್.

8. ಇನ್‌ಹಿಬಿಟರನ್ನು ಬಿಟ್ಟುಬಿಡಬೇಡಿ

ಸ್ಟೈರೀನಿನಲ್ಲಿ ಸಾಮಾನ್ಯವಾಗಿ 10ರಿಂದ 15 ಪಿಪಿಎಂ ಟಿಬಿಸಿ ಎಂಬ ಇನ್‌ಹಿಬಿಟರ್ ಇರುತ್ತದೆ. ಇಷ್ಟು ಸಣ್ಣ ಪ್ರಮಾಣ ಎಂದು ಬಿಡುವಂತಿಲ್ಲ. ವಸ್ತುವನ್ನು ಕೆಡದಂತೆ ಕಾಯುವ ಸ್ಟೆಬಿಲೈಸರನ್ನು ರೀಚ್ ಆ ವಸ್ತುವಿನ ಭಾಗವೆಂದೇ ಎಣಿಸುತ್ತದೆ, ಹೆಸರು ಮತ್ತು ಪ್ರಮಾಣ ಬರೆಯಲೇಬೇಕು. ವಸ್ತು ಕೆಡದಂತೆ, ಬದಲಾಗದಂತೆ ಬೇರ್ಪಡಿಸಬಹುದಾದ ದ್ರಾವಕ ಮಾತ್ರ ಲೆಕ್ಕದಿಂದ ಹೊರಗೆ. ಸ್ಟೈರೀನಿನ ಟಿಬಿಸಿ ಅಳೆಯಲು ಎಎಸ್‌ಟಿಎಂ ಡಿ4590, ಜಿಸಿಗೆ ಡಿ5135 ಎಂಬ ಸಿದ್ಧ ವಿಧಾನಗಳಿವೆ.

ಪಾಲಿಮರಿಗೆ ಹಾಕುವ ಬಣ್ಣ, ಬೆಂಕಿನಿರೋಧಕ, ಪ್ಲಾಸ್ಟಿಸೈಸರ್‌ಗಳ ಕತೆ ಬೇರೆ. ಅವು ಸ್ಟೆಬಿಲೈಸರಿನ ಸಾಲಿಗೆ ಸೇರುವುದಿಲ್ಲ. ವರ್ಷಕ್ಕೆ 1 ಟನ್ ಮುಟ್ಟಿದರೆ ಅವಕ್ಕೆ ಪ್ರತ್ಯೇಕ ನೋಂದಣಿ.

9. ಹೆಸರಿಡುವ ಮುನ್ನ 80, 10, 1

ಮುಖ್ಯ ಘಟಕ ಶೇ 80 ಅಥವಾ ಮೇಲಿದ್ದರೆ ಅದು ಏಕಘಟಕ ವಸ್ತು. ಶೇ 10ರಿಂದ 80ರ ನಡುವಿನ ಘಟಕಗಳು ಹಲವಿದ್ದರೆ ಬಹುಘಟಕ. ಶೇ 1 ಮುಟ್ಟಿದ ಕಲ್ಮಶವನ್ನು ಹೆಸರಿಸಬೇಕು. ಅಪಾಯದ ವರ್ಗೀಕರಣವನ್ನೇ ಬದಲಿಸಬಲ್ಲ ಕಲ್ಮಶವಾದರೆ ಅದಕ್ಕಿಂತ ಕಡಿಮೆಯಿದ್ದರೂ ಹೆಸರಿಸಬೇಕು. ಎಪಾಕ್ಸಿ ಹಾರ್ಡನರ್ ಆಗಿ ಮಾರುವ ಟ್ರೈಈಥಿಲೀನ್ ಟೆಟ್ರಾಮೀನಿನಲ್ಲಿ ನೇರ ಸರಪಳಿ, ಕವಲೊಡೆದದ್ದು, ಉಂಗುರದ ರೂಪದವು ಎಲ್ಲ ಕಲೆತಿರುತ್ತವೆ. ಲೇಬಲಿನ ಮೇಲೆ ಒಂದೇ ಹೆಸರಿದೆ ಎಂದು ಏಕಘಟಕವೆಂದು ಬರೆದುಬಿಟ್ಟರೆ ನಿಮ್ಮ ಕ್ರೊಮ್ಯಾಟೋಗ್ರಾಮೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

10. ವಿಧಾನವನ್ನು ಇನ್ನೊಬ್ಬರು ಮಾಡಿನೋಡುವಂತೆ ಬರೆಯಿರಿ. ಜಿಎಲ್‌ಪಿ ಎಲ್ಲಿ ಬೇಕೋ ಅಲ್ಲಿ ಮಾತ್ರ ಕೇಳಿ

ಕಾಲಂ ಯಾವುದು, ಉದ್ದವೆಷ್ಟು, ಉಷ್ಣತೆ ಹೇಗೆ ಏರಿಸಿದಿರಿ, ಯಾವ ಡಿಟೆಕ್ಟರ್, ಎಷ್ಟು ಚುಚ್ಚಿದಿರಿ, ಎನ್‌ಎಂಆರ್‌ಗೆ ಯಾವ ದ್ರಾವಕ, ಎಷ್ಟು ಮೆಗಾಹರ್ಟ್ಸ್. ‘ಇನ್‌ಹೌಸ್ ಮೆಥಡ್’ ಎಂಬ ಎರಡು ಪದಗಳಿಂದ ಯಾರೂ ಪ್ರಯೋಗ ಮರುಕಳಿಸಲಾರರು. ರೋಹಿತದ ಚಿತ್ರದಲ್ಲಿ ಅಕ್ಷಗಳ ಅಂಕಿ ಓದುವಂತಿರಲಿ. ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಮತ್ತೆ ಕುಗ್ಗಿಸಿದ ಚಿತ್ರಗಳು ಕೆಲಸಕ್ಕೆ ಬಾರವು.

13ನೇ ಕಲಂ ಜಿಎಲ್‌ಪಿ, ಅಂದರೆ ಉತ್ತಮ ಪ್ರಯೋಗಾಲಯ ಪದ್ಧತಿಯನ್ನು, ಕಡ್ಡಾಯ ಮಾಡಿರುವುದು ವಿಷತ್ವ ಮತ್ತು ಪರಿಸರ ವಿಷತ್ವದ ಪರೀಕ್ಷೆಗಳಿಗೆ. ಗುರುತಿನ ರೋಹಿತಗಳಿಗೆ ಅದು ಬೇಕಿಲ್ಲ, ಸರಿಯಾಗಿ ನಡೆಯುವ ಲ್ಯಾಬ್ ಸಾಕು. ಜಿಎಲ್‌ಪಿ ಪರೀಕ್ಷೆ ಬೇಕಾದಾಗಲೂ ಹೊರದೇಶಕ್ಕೇ ಹೋಗಬೇಕೆಂದಿಲ್ಲ: ಭಾರತ 2011ರಿಂದ ಓಇಸಿಡಿಯ ಪರಸ್ಪರ ದತ್ತಾಂಶ ಸ್ವೀಕಾರ ಒಪ್ಪಂದದ ಪೂರ್ಣ ಪಾಲುದಾರ. ಇಲ್ಲಿನ ಮಾನ್ಯತೆ ಪಡೆದ ಲ್ಯಾಬಿನ ವರದಿಯನ್ನು ಆ ದೇಶಗಳು ಒಪ್ಪುತ್ತವೆ.

11. ದಾರಿಯನ್ನು ಸರಿಯಾಗಿ ಆರಿಸಿ

ಭಾರತದ ಕಂಪನಿ ನೇರವಾಗಿ ನೋಂದಾಯಿಸಲಾಗದು. 8ನೇ ಕಲಂ ಪ್ರಕಾರ ಒಕ್ಕೂಟದೊಳಗೆ ಏಕಮಾತ್ರ ಪ್ರತಿನಿಧಿಯನ್ನು ನೇಮಿಸಬಹುದು. ಇಲ್ಲವಾದರೆ ಪ್ರತಿ ಆಮದುದಾರರೂ ಬೇರೆಬೇರೆಯಾಗಿ ನೋಂದಾಯಿಸಬೇಕಾಗುತ್ತದೆ, ಅವರೆಲ್ಲರಿಗೂ ನಿಮ್ಮ ಫಾರ್ಮುಲಾ ಹೇಳಬೇಕಾಗುತ್ತದೆ. ಪ್ರತಿನಿಧಿ ಇದ್ದರೆ ಗುಟ್ಟು ಒಬ್ಬರ ಬಳಿ ಉಳಿಯುತ್ತದೆ. ಮಾನೋಮರನ್ನು ಸರಬರಾಜು ಸರಪಳಿಯಲ್ಲಿ ನಿಮಗಿಂತ ಮೇಲಿನವರು ಆಗಲೇ ನೋಂದಾಯಿಸಿದ್ದರೆ ನೀವು ಮತ್ತೆ ಮಾಡಬೇಕಿಲ್ಲ. ಬಾಯಿಮಾತು ಸಾಲದು, ಅದಕ್ಕೆ ಲಿಖಿತ ಪುರಾವೆ ಪಡೆದಿಡಿ. ಮಾನೋಮರ್ ಮಧ್ಯಂತರ ವಸ್ತುವಾದ್ದರಿಂದ ಕಡಿಮೆ ಮಾಹಿತಿಯ ಸಣ್ಣ ಕಡತ ಸಾಕು ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ: 6ನೇ ಕಲಂ ಮಾನೋಮರಿಗೆ ಆ ಬಾಗಿಲನ್ನು ಮುಚ್ಚಿದೆ.

ಬ್ರಿಟನ್ನಿಗೂ ಸರಕು ಹೋಗುತ್ತಿದ್ದರೆ ಅಲ್ಲಿ 2021ರಿಂದ ಪ್ರತ್ಯೇಕ ರೀಚ್. ವಿಶ್ಲೇಷಣೆಯ ವರದಿ ಅದೇ ಆಗಬಹುದು, ನೋಂದಣಿ ಮಾತ್ರ ಬೇರೆ.

12. ಇನ್‌ಕ್ವೈರಿಯನ್ನು ಔಪಚಾರಿಕ ಎಂದುಕೊಳ್ಳಬೇಡಿ, ದಾಖಲೆಯನ್ನು ಎಸೆಯಬೇಡಿ

ನೋಂದಣಿಗೆ ಮೊದಲು 26ನೇ ಕಲಮಿನ ಇನ್‌ಕ್ವೈರಿ ಕಡ್ಡಾಯ. ಗುರುತಿನ ದತ್ತಾಂಶವನ್ನು ಆ ಹಂತದಲ್ಲೇ ಕೊಡಬೇಕು. ಏಜೆನ್ಸಿಯ ತಜ್ಞರು ಅದನ್ನು ಅಲ್ಲೇ ಓದುತ್ತಾರೆ. ಇದು ನಿಮಗೆ ಸಿಗುವ ಒಳ್ಳೆಯ ಅವಕಾಶ. ಇಲ್ಲಿ ಬಂದ ಆಕ್ಷೇಪವನ್ನು ಸರಿಪಡಿಸಿದರೆ ಮುಂದೆ ತೊಂದರೆ ಕಡಿಮೆ. ಯುಕ್ಲಿಡ್ ತಂತ್ರಾಂಶದಲ್ಲಿ ಕಡತ ಕಟ್ಟಿ ಸಲ್ಲಿಸಿದ ಮೇಲೆ ಪೂರ್ಣತೆಯ ತಪಾಸಣೆ ನಡೆಯುತ್ತದೆ. 2016ರಿಂದ ಅದರಲ್ಲಿ ಕಂಪ್ಯೂಟರಿನ ಜೊತೆಗೆ ಮನುಷ್ಯರ ಕಣ್ಣೂ ಇದೆ. ಅರ್ಥವಿಲ್ಲದ ವಾಕ್ಯ ತುಂಬಿ ಪೆಟ್ಟಿಗೆ ಹಸಿರಾಗಿಸುವ ಕಾಲ ಮುಗಿಯಿತು. ಕೊರತೆ ಕಂಡರೆ ತಿದ್ದಲು ಒಂದು ಗಡುವು ಕೊಡುತ್ತಾರೆ. ಅದೂ ತಪ್ಪಿದರೆ ಕಡತ ತಿರಸ್ಕೃತ, ಕಟ್ಟಿದ ಶುಲ್ಕ ವಾಪಸಿಲ್ಲ.

ನೋಂದಣಿ ಸಂಖ್ಯೆ ಬಂದ ಮೇಲೂ ಮೂಲ ಕ್ರೊಮ್ಯಾಟೋಗ್ರಾಮ್, ಉಪಕರಣದ ಕಚ್ಚಾ ಫೈಲ್, ಬ್ಯಾಚ್ ದಾಖಲೆ ಎಲ್ಲವನ್ನೂ ಜೋಪಾನ ಮಾಡಿ. ಮಾನೋಮರಿನ ಮೂಲ ಬದಲಾದರೆ, ಅಂದರೆ ಹೊಸ ಸರಬರಾಜುದಾರರಿಂದ ಬೇರೆ ಕಲ್ಮಶಗಳಿರುವ ಸರಕು ಬಂದರೆ, ಮತ್ತೆ ವಿಶ್ಲೇಷಿಸಿ ಕಡತ ತಿದ್ದಬೇಕಾಗುತ್ತದೆ. ಹಾಗಾಗಿ ಖರೀದಿ ವಿಭಾಗದವರೂ ಲ್ಯಾಬಿನವರೂ ಒಬ್ಬರಿಗೊಬ್ಬರು ತಿಳಿಸದೆ ಮೂಲ ಬದಲಿಸಬಾರದು. 36ನೇ ಕಲಂ ಪ್ರಕಾರ ಕೊನೆಯ ತಯಾರಿಕೆ, ಆಮದು ಅಥವಾ ಪೂರೈಕೆಯಾದ ಮೇಲೂ ಕನಿಷ್ಠ 10 ವರ್ಷ ಈ ಮಾಹಿತಿ ಕೇಳಿದ ತಕ್ಷಣ ಕೊಡುವಂತಿರಬೇಕು.